ಎಂಟು ನಿಮಿಷದ ವ್ಯಾಪಾರ

ಯಾರಾದರೂ ನನ್ನನ್ನು 'ಏನು ಬೇಕು' ಅಂತ ಕೇಳಿದರೆ ಮೊದಲ ಸಲಕ್ಕೇ ನಿಜ ಹೇಳಲು ನನಗೆ ಬರುವುದಿಲ್ಲ. ಸುಳ್ಳುಗಾರ ಅಂತ ತಿಳಿಯಬೇಡಿ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆಯ ದನದ ಪೇಟೆಗಳಲ್ಲಿ ದಲ್ಲಾಳಿ ಕೆಲಸ ಮಾಡಿ ಮೇಲೆ ಬಂದವನ ನಾಲಿಗೆ ಇದು. ಊಟಕ್ಕೆ ಕುಳಿತಾಗ ಹೆಂಡತಿ 'ಎಷ್ಟು ರೊಟ್ಟಿ' ಅಂದರೆ, ಬೇಕಾದದ್ದು ಮೂರಾದರೂ ಬಾಯಿ 'ಐದು' ಅನ್ನುತ್ತದೆ. ಅವಳೂ ಪಳಗಿದ್ದಾಳೆ, ಎರಡೇ ಹಾಕುತ್ತಾಳೆ. ಆಮೇಲೆ ಇಬ್ಬರೂ ಮೂರಕ್ಕೆ ಬಂದು ನಿಲ್ಲುತ್ತೇವೆ. ಸಂಸಾರ ಚೆನ್ನಾಗಿಯೇ ನಡೆದಿದೆ.

ಆದರೆ ಈ ಚಟ ಒಮ್ಮೆ ನನ್ನ ತಂಗಿಯ ಹೊಟ್ಟೆಯಲ್ಲಿದ್ದ ಕೂಸನ್ನೇ ಪಣಕ್ಕೆ ಇಟ್ಟುಬಿಟ್ಟಿತ್ತು. ಅದರ ಗುರುತಾಗಿ ನನ್ನ ಟ್ರಂಕಿನಲ್ಲಿ ಒಂದು ಹಾಳೆ ಇದೆ. ದಿಲ್ಲಿಯ ಒಬ್ಬ ಬಹಳ ದೊಡ್ಡ ನಾಯಕರ ಒಂದು ದಿನ ಆ ಹಾಳೆಯ ಮೇಲಿದೆ. ಏಳಕ್ಕೆ ಚಹಾ, ಏಳೂ ಹತ್ತಕ್ಕೆ ಕಾಗದಪತ್ರ, ಎಂಟಕ್ಕೆ ಹುಬ್ಬಳ್ಳಿ ಬಿಡುವುದು, ತಡಸದಲ್ಲಿ ಹಾರ ಎರಡು ನಿಮಿಷ, ಶಿಗ್ಗಾವಿಯಲ್ಲಿ ಭಾಷಣ ಇಪ್ಪತ್ತು ನಿಮಿಷ. ಒಬ್ಬ ಮನುಷ್ಯನ ಹಗಲನ್ನು ಇಷ್ಟು ಸಣ್ಣ ಸಣ್ಣದಾಗಿ ಹೆಚ್ಚಿ ಇಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಇದು ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತರ ಮಾತು. ಊರೂರಲ್ಲಿ ಪಂಚವಾರ್ಷಿಕ ಯೋಜನೆಯದೇ ಸುದ್ದಿ. ಸರಕಾರ ಅರ್ಧ ಕೊಡುತ್ತದೆ, ನೀವು ಮೈಮುರಿದು ಅರ್ಧ ಕೊಡಿ ಅಂತ ಗ್ರಾಮಸೇವಕ ಹೇಳಿದ. ನಮ್ಮೂರು ಆಡೂರಿನವರು ಶ್ರಮದಾನ ಮಾಡಿ, ಕಲ್ಲು ಹೊತ್ತು, ಮಣ್ಣು ತುಳಿದು ಹಾನಗಲ್ಲ ರಸ್ತೆಯ ಬದಿಗೇ ನಾಲ್ಕು ಖೋಲಿಯ ಹೆರಿಗೆ ದವಾಖಾನೆ ಎಬ್ಬಿಸಿದೆವು. ಕಟ್ಟಡ ಎದ್ದಿತು, ಸುಣ್ಣ ಆಯಿತು, ನರ್ಸ್ ಮಾತ್ರ ಬರಲಿಲ್ಲ. ಅರ್ಜಿ ಹೋಯಿತು, ಅರ್ಜಿಯ ನೆನಪಿಗೆ ಇನ್ನೊಂದು ಅರ್ಜಿ ಹೋಯಿತು. ಖಾಲಿ ಕಟ್ಟಡದಲ್ಲಿ ಯಾರೋ ಮೇವು ಒಟ್ಟಿದರು.

ತಂಗಿ ನೀಲವ್ವ ಆಗ ತವರಿಗೆ ಬಂದಿದ್ದಳು, ದಿನ ತುಂಬಲು ಒಂದು ತಿಂಗಳಿತ್ತು. ಮೊದಲ ಎರಡು ಹೆರಿಗೆಯಲ್ಲೂ ಅವಳನ್ನು ಗಾಡಿಯಲ್ಲಿ ಹಾಕಿಕೊಂಡು ಹಾನಗಲ್ಲಿಗೆ ಹೊರಟಿದ್ದೆವು. ಎರಡು ಸಲವೂ ದವಾಖಾನೆ ಮುಟ್ಟುವ ಮೊದಲೇ ಕೂಸು ಹೋಗಿತ್ತು. ಎರಡು ಸಲವೂ ಗಾಡಿ ಹೊಡೆದವನು ನಾನು. ಊರಲ್ಲೇ ಒಬ್ಬ ನರ್ಸ್ ಇದ್ದರೆ ಈ ಸಲ ಗಾಡಿ ಕಟ್ಟುವ ಪ್ರಸಂಗವೇ ಬರುವುದಿಲ್ಲ. ನನಗೆ ಬೇಕಾದದ್ದು ಇಷ್ಟೇ, ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ನಾಯಕರು ನಮ್ಮ ರಸ್ತೆಯಲ್ಲೇ ಹಾಯುತ್ತಾರೆ ಎಂದು ಗೊತ್ತಾದ ದಿನ, ಊರಗೌಡನೂ ನಾನೇ ಆದ್ದರಿಂದ, ಹಾನಗಲ್ಲ ತಾಲೂಕು ಕಚೇರಿಗೆ ಓಡಿದೆ. ಅಲ್ಲಿ ಆಗಲೇ ಜಾತ್ರೆಯಷ್ಟು ಮಂದಿ. ಒಬ್ಬರಿಗೆ ಶಾಲೆಯ ಅಡಿಗಲ್ಲು ಹಾಕಿಸಬೇಕು, ಇನ್ನೊಬ್ಬರಿಗೆ ಕೆರೆ ತೋರಿಸಬೇಕು. ಎಲ್ಲರ ನಡುವೆ ಅವ್ವಲ್ ಕಾರಕೂನ, ಅಂದರೆ ಹಿರೇ ಗುಮಾಸ್ತ, ಗುಂಡೇರಾಯರು ನಾಯಕರ ವೇಳಾಪತ್ರಿಕೆಯ ಹಾಳೆ ಹಿಡಿದು ಬೆವರುತ್ತಿದ್ದರು. ಮಾಮಲೇದಾರರು ಸಹಿ ಮಾಡುವವರು, ಕಚೇರಿ ನಡೆಸುವವರು ಗುಂಡೇರಾಯರು. ಅವರ ಹೊಲ ಹಿರೇಕೆರೂರಿನ ಕಡೆ. ವರ್ಷಕ್ಕೊಂದು ಜೋಡಿ ಎತ್ತನ್ನು ನನ್ನ ಕೈಯಿಂದಲೇ ಕೊಂಡವರು.

"ನಿಮ್ಮೂರಾಗ ಗಾಡಿ ನಿಂದ್ರೂದಿಲ್ಲ ನೋಡ್ರಿ ಶಿವಲಿಂಗಪ್ಪಾ," ಅಂದರು, ನಾನು ಬಾಯಿ ತೆರೆಯುವ ಮೊದಲೇ. "ಸವಣೂರ ಬಿಟ್ರ ಸೀದಾ ಹಾನಗಲ್ಲ."

ಹಾಳೆಯನ್ನು ಇಸಿದುಕೊಂಡು ನೋಡಿದೆ. ನಿಮಗೊಂದು ಬುದ್ಧಿಮಾತು ಹೇಳುತ್ತೇನೆ, ಎತ್ತಾಗಲಿ ವೇಳಾಪತ್ರಿಕೆಯಾಗಲಿ, ಕೊಳ್ಳುವ ಮೊದಲು ಮೈಮೇಲೆಲ್ಲ ಕೈ ಆಡಿಸಬೇಕು, ಮೆತ್ತಗಿರುವ ಜಾಗ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ನನಗೆ ಸಿಕ್ಕಿತು. ಹಾನಗಲ್ಲ ಬಂಗಲೆ, ಊಟ. ಅದರ ಕೆಳಗೆ 'ವಿಶ್ರಾಂತಿ, ಇಪ್ಪತ್ತು ನಿಮಿಷ'.

ಹೆಗಲ ಮೇಲಿನ ವಲ್ಲಿ ತೆಗೆದು ಗುಂಡೇರಾಯರ ಕೈಮೇಲೆ ಹಾಕಿದೆ. ದನದ ಪೇಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಅರಿವೆಯ ಮರೆಯಲ್ಲಿ ಬೆರಳು ಹಿಡಿದು ಮಾತಾಡುತ್ತೇವೆ, ಸುತ್ತ ನಿಂತ ನೂರು ಮಂದಿಗೆ ಗೊತ್ತಾಗುವುದು ಇಬ್ಬರ ಮುಖ ಮಾತ್ರ. ಆ ವಿಶ್ರಾಂತಿಯಿಂದ ನಮ್ಮೂರಿಗೆ, ಒಂದು ಬೆರಳಿಗೆ ಒಂದು ನಿಮಿಷ ಅಂತ ಕಿವಿಯಲ್ಲಿ ಹೇಳಿ, ಐದೂ ಬೆರಳನ್ನು ಮೂರು ಸಲ ಅದುಮಿದೆ.

"ಹುಚ್ಚ ಹಿಡದೈತೇನ್ರಿ ನಿಮಗ?" ಅಂದರು. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೈ ಎಳೆಯದವನು ಗಿರಾಕಿ. ಅವರು ನನ್ನ ಎರಡು ಬೆರಳು ಹಿಡಿದರು. ನಾನು ಹನ್ನೆರಡಕ್ಕೆ ಇಳಿದೆ. ಅವರು ನಾಲ್ಕಕ್ಕೆ ಏರಿದರು. ಅವರ ಅಂಗೈ ಒದ್ದೆಯಾಗಿತ್ತು, ನನ್ನದೂ.

"ಮುದುಕ ಮನಷ್ಯಾರ ಅದಾರ್ರಿ ಅವ್ರು," ಅಂತ ಮೆಲ್ಲಗೆ ಅಂದರು. "ಇಡೀ ದಿನದಾಗ ಕಣ್ಣ ಮುಚ್ಚೂದು ಅದ ಇಪ್ಪತ್ತ ನಿಮಿಷ."

"ನೀಲವ್ವ ಬಂದಾಳ್ರಿ ರಾಯರ," ಅಂದೆ ನಾನು.

ನೀಲವ್ವನ ಗಾಡಿಯ ಕಥೆ ಅವರಿಗೆ ಗೊತ್ತಿತ್ತು. ವಲ್ಲಿಯ ಕೆಳಗೆ ಅವರು ನನ್ನ ಐದು ಬೆರಳು ಹಿಡಿದು, ಬಿಟ್ಟು, ಮತ್ತೆ ಮೂರು ಹಿಡಿದರು. ಎಂಟು. ಹಾಳೆಯ ಮೇಲೆ 'ಇಪ್ಪತ್ತು' ಹೊಡೆದು 'ಹನ್ನೆರಡು' ಅಂತ ಬರೆದರು. ನಾನು ಮೀಸೆಯ ಮೇಲೆ ಕೈಯಿಟ್ಟು ಹೊರಗೆ ಬಂದೆ. ಒಬ್ಬ ಮನುಷ್ಯನ ನಿದ್ದೆಯನ್ನು ಅಗ್ಗಕ್ಕೆ ಹೊಡೆದುಕೊಂಡು ಬಂದಿದ್ದೇನೆ ಅಂತ ಆಗ ಅನಿಸಲಿಲ್ಲ.

ನಮ್ಮ ಆಡೂರಿನಲ್ಲಿ ಚಾಲುಕ್ಯರ ಕಾಲದ ಕಲ್ಲಿನ ಶಾಸನಗಳಿವೆ. ನಮ್ಮ ಮಾಸ್ತರರು ಎಳೆಯರಾದ ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ಗುಡಿಗೆ ಹೊಲ ಬಿಟ್ಟದ್ದು ಇಲ್ಲಿದೆ ಅಂತ ಬೆರಳಿಟ್ಟು ತೋರಿಸಿದ್ದರು. ಹಿಂದಿನವರು ರಾಜನ ಹಗಲನ್ನು ಎಂಟು ಪಾಲು ಮಾಡಿ ಪ್ರಜೆಗಳ ದೂರಿಗೆ ಇಷ್ಟು, ಲೆಕ್ಕಪತ್ರಕ್ಕೆ ಇಷ್ಟು, ಸ್ನಾನ ಊಟಕ್ಕೆ ಇಷ್ಟು ಅಂತ ನೇಮ ಮಾಡಿದ್ದರಂತೆ, ಅದನ್ನೂ ಅವರೇ ಹೇಳಿದ್ದು. ನನಗೆ ಈಗ ಬರುವ ಅನುಮಾನವೇ ಬೇರೆ. ಆ ಹೊಲ ಬಿಡಿಸಿಕೊಂಡವನು ಯಾರೋ ನನ್ನಂಥ ಊರಗೌಡನೇ ಇರಬೇಕು. ರಾಜನ ಕುದುರೆ ಆಡೂರಿನಲ್ಲಿ ಎಷ್ಟು ಹೊತ್ತು ನಿಂತಿತ್ತು, ಅದು ಅವನ ಯಾವ ಪಾಲಿನಿಂದ ಕತ್ತರಿಸಿದ ಹೊತ್ತು? ಕಲ್ಲು ಅದನ್ನು ಹೇಳುವುದಿಲ್ಲ. ಸಿಕ್ಕದ್ದನ್ನು ಕೆತ್ತಿಸುತ್ತೇವೆ, ಕಸಿದದ್ದನ್ನು ಕೆತ್ತಿಸುವುದಿಲ್ಲ.

ಆ ದಿನ ಬಂತು. ಮೇವು ತೆಗೆದು ಕಟ್ಟಡ ತೊಳೆದೆವು, ಮಾವಿನ ತೋರಣ ಕಟ್ಟಿದೆವು. ನಮ್ಮ ಸರದಿ ಹನ್ನೆರಡೂವರೆಗೆ. ಹನ್ನೆರಡೂವರೆ ಆಯಿತು, ಒಂದಾಯಿತು. ಫೌಜದಾರ ಮೋಟಾರ್ ಸೈಕಲ್ಲಿನಲ್ಲಿ ಬಂದು, ಸವಣೂರಿನಲ್ಲೇ ತಡವಾಗಿದೆ, ಇಲ್ಲಿ ನಿಲ್ಲುವುದು ಅನುಮಾನ ಅಂದು ಧೂಳೆಬ್ಬಿಸಿ ಹೋದ. ಮಂದಿ ರಸ್ತೆಯನ್ನೇ ನೋಡುತ್ತಿದ್ದರು. ನೀಲವ್ವನಿಗೆ ಈ ಗದ್ದಲದಲ್ಲಿ ಬರಬೇಡ ಅಂದಿದ್ದೆ. ದವಾಖಾನೆಯ ಎದುರೇ ಇರುವ ನಮ್ಮ ಮನೆಯ ಕಟ್ಟೆಯ ಮೇಲೆ ಅವಳು ಕಂಬಕ್ಕೆ ಒರಗಿ ಕುಳಿತಿದ್ದಳು.

ಒಂದೂ ಕಾಲಿಗೆ ಧೂಳು ಕಂಡಿತು. ಮುಂದಿನ ಜೀಪು ನಿಲ್ಲದೆ ಹೋಯಿತು. ಹಿಂದಿನ ಕಾರೂ ತೋರಣ ದಾಟಿತು. ಹೋಯಿತು ಅಂದುಕೊಂಡೆ. ಇಪ್ಪತ್ತು ಮಾರು ಮುಂದೆ ಹೋಗಿ ನಿಂತಿತು. ಹಿಂದಿನ ಗಾಡಿಯಿಂದ ಗುಂಡೇರಾಯರು ಇಳಿದು, ದೂರದಿಂದಲೇ ಐದು ಬೆರಳು, ಆಮೇಲೆ ಮೂರು ತೋರಿಸಿದರು. ನಾನು ಗಡಿಯಾರ ಹೊರತೆಗೆದೆ.

ನಾಯಕರು ಕಾರಿನ ಬಾಗಿಲು ಹಿಡಿದು ಒಂದು ಗಳಿಗೆ ಹಾಗೇ ನಿಂತರು. ಚಿತ್ರದಲ್ಲಿ ಕಂಡದ್ದಕ್ಕಿಂತ ಗಿಡ್ಡ, ಚಿತ್ರದಲ್ಲಿ ಕಂಡದ್ದಕ್ಕಿಂತ ಮುದುಕರು. ಪಾದ ಬಾತು ಚಪ್ಪಲಿಯ ಪಟ್ಟಿ ಒಳಕ್ಕೆ ಕೊರೆದಿತ್ತು. ನಡೆದು ಬಂದು ಕುರ್ಚಿಯಲ್ಲಿ ಕುಳಿತರು, ಕಣ್ಣು ಮುಚ್ಚಿದರು. ನನ್ನ ಗಡಿಯಾರದ ಮುಳ್ಳು ಮಾತ್ರ ನಡೆಯುತ್ತಿತ್ತು. ಒಂದು ನಿಮಿಷ ಹಾಗೇ ಹೋಯಿತು. ನಮ್ಮ ನಿಮಿಷ ಅಂತ ಮನಸ್ಸು ಕುದಿಯಿತು. ಅದು ಅವರದೇ ನಿಮಿಷ ಅಂತ ತಿಳಿಯಲು ಇನ್ನೂ ಹೊತ್ತಿತ್ತು.

ಕಣ್ಣು ತೆರೆದು, ಕಟ್ಟಡ ನೋಡಿ, ನೀವೇ ಕಟ್ಟಿದ್ದೇ ಅಂತ ಹಿಂದಿಯಲ್ಲಿ ಕೇಳಿದರು. ಸವಣೂರು, ಹುಲಗೂರಿನ ಸಾಬರ ಜತೆ ವ್ಯಾಪಾರ ಮಾಡಿ ನನಗೆ ಆ ಮಾತು ಬರುತ್ತಿತ್ತು. ಹೌದು ಅಂದೆ. ಯೋಜನೆ ಅಂದರೆ ಇದೇ, ಜನ ಅರ್ಧ ದಾರಿ ನಡೆದು ಬರಬೇಕು, ನಾವು ಉಳಿದರ್ಧ ಬರಬೇಕು ಅಂದರು. ಬರೆದುಕೊಂಡು ಬಂದ ಭಾಷಣದ ಹಾಗಿರಲಿಲ್ಲ. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಏನು ಬೇಕು ಅಂತ ಕೇಳಿದರು.

ಕೇಳಬಾರದಾಗಿತ್ತು. ನನ್ನ ನಾಲಿಗೆ ಪೇಟೆಗೆ ಇಳಿಯಿತು. "ಇಪ್ಪತ್ತು ಹಾಸಿಗೆಯ ದವಾಖಾನೆ, ಇಬ್ಬರು ಡಾಕ್ಟರು," ಅಂದೆ. ಅಷ್ಟಾಗದು ಅನ್ನುತ್ತಾರೆ, ಆಗ ಒಬ್ಬ ಡಾಕ್ಟರಿಗೆ ಇಳಿಯುತ್ತೇನೆ, ಅದೂ ಆಗದು ಅಂದಾಗ ನರ್ಸಿಗೆ ಬಂದು ಕೈ ಒತ್ತುತ್ತೇನೆ, ಇದು ನನ್ನ ಲೆಕ್ಕ. ಅವರು ಆಗದು ಅನ್ನಲಿಲ್ಲ, ತಲೆಯಾಡಿಸಿದರು. ಪಕ್ಕದ ಕಾರ್ಯದರ್ಶಿ ಬರೆದುಕೊಂಡ. ನನಗೆ ಗಾಬರಿಯಾಯಿತು, ಇನ್ನೂ ಏರಿಸಿದೆ. ವರದಾ ನದಿಗೆ ಸೇತುವೆ, ಅಂದೆ. ತಲೆಯಾಡಿಸಿದರು. ಹೈಸ್ಕೂಲು, ಅಂದೆ. ಬರೆದುಕೊಂಡ.

ಪೇಟೆಯಲ್ಲಿ ನನಗೆ ಭಯವಿರುವುದು ಒಬ್ಬನದೇ, ಮೊದಲ ಬೆಲೆಗೆ ಹೂಂ ಅನ್ನುವವನದು. ಅವನು ಕೊಳ್ಳುವವನಲ್ಲ. ಹಾಳೆಯಲ್ಲಿ ಅಷ್ಟು ದೊಡ್ಡ ಸಾಮಾನು ಹೇರಿದ ಮೇಲೆ ಅದು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು. ಇಳಿಯಬೇಕು ಅಂತ ಬಾಯಿ ತೆರೆದರೆ, ಹೇಗೆ ಇಳಿಯುವುದು? ಎದುರಿಗಿದ್ದವರು ಇಳಿಸಲು ಕೇಳಬೇಕಲ್ಲ! ಕಾರ್ಯದರ್ಶಿ ಹಾಳೆ ಮಡಚಿದ. ಗಡಿಯಾರದಲ್ಲಿ ಇನ್ನು ಎರಡೇ ನಿಮಿಷ ಉಳಿದಿತ್ತು. ಕಾರು ಗುರ್ ಅಂದಿತು.

ನಾಯಕರು ಏಳಲು ಹೋಗಿ, ನೀರು ಅಂದರು. ಸೋಡಾ ಬಾಟ್ಲಿ ಬಂತು, ಎಳನೀರು ಬಂತು, ಅವರು ಕೈಯಾಡಿಸಿ ಬರೀ ನೀರು ಅಂದರು. ಅಷ್ಟರಲ್ಲಿ ನೀಲವ್ವ ಎದುರು ಮನೆಯಿಂದ ತಂಬಿಗೆ ಹಿಡಿದು, ಇನ್ನೊಂದು ಕೈ ಸೊಂಟಕ್ಕೆ ಕೊಟ್ಟು, ಮೆಲ್ಲಗೆ ಬಂದುಬಿಟ್ಟಿದ್ದಳು. ಪೊಲೀಸನೂ ದಾರಿ ಬಿಟ್ಟ. ಅವರು ಎತ್ತಿ ಕುಡಿದು, ಅವಳನ್ನು ನೋಡಿ, ಯಾವಾಗ ಮಗಳೇ ಅಂತ ಕೇಳಿದರು. ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ಮುಂದಿನ ಹುಣ್ಣಿವಿಗ್ರಿ," ಅಂದಳು. ಡಾಕ್ಟರು, ಹೈಸ್ಕೂಲು ಅಂತ ನಾನು ಏರಿಸಿದ್ದು ಕಟ್ಟೆಯ ತನಕ ಕೇಳಿಸಿರಬೇಕು, ಆಮೇಲೆ ನನ್ನ ಕಡೆ ನೋಡದೆ ಅಂದಳು, "ನಮ್ಮಣ್ಣ ಕೇಳಿದ್ದೆಲ್ಲಾ ಬ್ಯಾಡ್ರಿ ಯಜ್ಜಾರ. ಒಬ್ಬಾಕಿ ನರ್ಸಬಾಯಿನ್ನ ಕಳಸ್ರಿ, ಸಾಕು. ಎರಡ ಕೂಸು ಹಾನಗಲ್ಲ ಹಾದ್ಯಾಗ, ಗಾಡ್ಯಾಗ ಹ್ವಾದುವು. ಇದೊಂದ ಉಳೀಲಿ."

ನಾಯಕರು ನನ್ನ ಮುಖ ನೋಡಿದರು. ಅವರಿಗೆ ತಿಳಿಯಲಿಲ್ಲ, ಹೇಳಬೇಕಾದವನು ನಾನು. ನಿಜ ಹೇಳುತ್ತೇನೆ, ಆಗಲೂ ನಾಲಿಗೆಯ ತುದಿಯಲ್ಲಿ 'ಇಬ್ಬರು ನರ್ಸು' ಬಂದು ಕುಳಿತಿತ್ತು. ನುಂಗಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ಗಾಡಿ ಸಹಿತ, ಎರಡು ಕೂಸು ಸಹಿತ. ಗಾಡಿ ಹೊಡೆದವನು ನಾನೇ ಅಂತ ಹೇಳುವಾಗ ಪೇಟೆಯ ಹಿಂದಿ ಕೈಕೊಟ್ಟಿತು, ಉಳಿದದ್ದನ್ನು ಗುಂಡೇರಾಯರು ಮುಗಿಸಿದರು.

ಅವರು ಕಾರ್ಯದರ್ಶಿಯಿಂದ ಹಾಳೆ ಇಸಿದುಕೊಂಡು, ಡಾಕ್ಟರು, ಸೇತುವೆ, ಹೈಸ್ಕೂಲು ಎಲ್ಲದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಒಂದು ಸಾಲು ಬರೆದರು. ತಂಬಿಗೆಯನ್ನು ತಾವೇ ನೀಲವ್ವನ ಕೈಗೆ ಕೊಟ್ಟು ನಡೆದರು. ಗಡಿಯಾರ ನೋಡಿದೆ. ಒಂಬತ್ತು ನಿಮಿಷವಾಗಿತ್ತು.

ಆಮೇಲಿನ ದಿನಗಳನ್ನು ನಾನು ಚಂದ್ರನನ್ನು ನೋಡಿ ಕಳೆದೆ. ಅಷ್ಟಮಿಯಾಯಿತು, ದಶಮಿಯಾಯಿತು, ಯಾರೂ ಬರಲಿಲ್ಲ. ಗಾಡಿಯ ಗಾಲಿಗೆ ಎಣ್ಣೆ ಹಾಕಿ ಇಟ್ಟೆ. ಹುಣ್ಣಿಮೆಗೆ ಎರಡು ದಿನವಿದ್ದಾಗ ಹಾನಗಲ್ಲಿನ ಬಸ್ಸಿನಿಂದ ಒಂದು ಟ್ರಂಕು ಇಳಿಯಿತು, ಅದರ ಹಿಂದೆ ಒಬ್ಬ ನರ್ಸಬಾಯಿ ಇಳಿದಳು. ಮೇವಿನ ಕಡ್ಡಿ ಮತ್ತೆ ಬಿದ್ದಿದ್ದ ನೆಲ ನೋಡಿ ನಮ್ಮನ್ನೆಲ್ಲ ಬೈದಳು. ಅಷ್ಟು ಇಂಪಾದ ಬೈಗಳನ್ನು ನಾನು ಕೇಳಿಲ್ಲ. ನಾಲ್ಕನೇ ದಿನ ಬೆಳಗ್ಗೆ ಆ ಖೋಲಿಯಲ್ಲಿ ಒಂದು ಹೆಣ್ಣು ಕೂಸು ಅತ್ತಿತು. ಗಾಡಿ ಇದ್ದಲ್ಲೇ ಇತ್ತು.

ಪೇಢೆ ಹಿಡಿದು ಗುಂಡೇರಾಯರ ಮನೆಗೆ ಹೋದಾಗ ಅವರು ಬಾಯಿ ಸಿಹಿ ಮಾಡಿಕೊಂಡು ಅಂದರು, "ಅವತ್ತ ಹಾನಗಲ್ಲ ಬಂಗಲೇದಾಗ ಅವ್ರು ಊಟಾನೂ ಪೂರಾ ಮಾಡ್ಲಿಲ್ರಿ. ಹೊತ್ತ ಹೋಗಿತ್ತು. ಹಿರೇಕೆರೂರ ಸಭಾದಾಗ ಮಾತಾಡ್ತಾ ಮಾತಾಡ್ತಾ ಕುರ್ಚಿ ಹಿಡಕೊಂಡ ಕುಂತ್ರು. ನನಗ ನಿಮ್ಮ ವಲ್ಲಿ ನೆನಪಾತು." ಬೈಯಲಿಲ್ಲ. ಅವತ್ತಿನ ವೇಳಾಪತ್ರಿಕೆಯ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು, ಇಟ್ಟುಕೊಳ್ಳಿರಿ ಅಂತ. ಅದೇ ಟ್ರಂಕಿನಲ್ಲಿರುವುದು. 'ಹನ್ನೆರಡು' ಅಂತ ತಿದ್ದಿದ್ದು ಇನ್ನೂ ಕಾಣುತ್ತದೆ. ಯಾರಾದರೂ ದೊಡ್ಡವರ ದಿನಚರಿಯನ್ನು ಪತ್ರಿಕೆಯಲ್ಲಿ ಓದಿ, ಇವರಿಗೇನು ಕಡಿಮೆ ಅಂದಾಗಲೆಲ್ಲ ನನಗೆ ಆ ಬಾತ ಪಾದ ಕಾಣುತ್ತದೆ. ನೀವೂ ಎಂದಾದರೂ ಅಂಥವರ ಎದುರು ನಿಲ್ಲುವ ಪ್ರಸಂಗ ಬಂದರೆ, ಬೇಕಾದದ್ದನ್ನೇ ಕೇಳಿ ಬೇಗ ಬಿಡಿ. ಇದು ದಲ್ಲಾಳಿಯ ಬಾಯಿಂದ ಬಂದ ಬುದ್ಧಿಮಾತು, ಅಪರೂಪದ್ದು.

ಮೊನ್ನೆ ನೀಲವ್ವನ ಮಗಳನ್ನು ಸವಣೂರ ಸಂತೆಗೆ ಕರೆದುಕೊಂಡು ಹೋಗಿದ್ದೆ. ಬಳೆ, ಗೊಂಬೆ, ಮಿಠಾಯಿ ಸಾಲಾಗಿ ಹರಡಿದ್ದವು. ಏನು ಬೇಕವ್ವಾ ಅಂದೆ. "ಒಂದ ರಿಬ್ಬನ್ ಸಾಕ ಮಾಮಾ, ಕೆಂಪಂದು," ಅಂದಳು. ಮೂರು ಕೇಳು, ಒಂದಕ್ಕೆ ಇಳಿಯುವಿಯಂತೆ ಅಂತ ಕಲಿಸಿಕೊಡಲು ಬಾಯಿ ತೆರೆದೆ.

ಮುಚ್ಚಿಕೊಂಡು, ಕೆಂಪು ರಿಬ್ಬನ್ ಕೊಡಿಸಿದೆ.