ಹಳೆಯ ಫ್ರಾಕು ತೊಟ್ಟು ಟ್ರ್ಯಾಕ್ಟರ್ ನೋಡಲು ಹೋದದ್ದು

ಟ್ರ್ಯಾಕ್ಟರನ್ನು ಫೋನಿನ ಪರದೆಯ ಮೇಲೆ ನೋಡಿ ಆರಿಸುವ ಕಾಲ ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ಯಾರ ಅಂಗಳದಲ್ಲಿ ಯಾವ ಗಾಡಿ ಮಾರಾಟಕ್ಕಿದೆ ಎಂಬ ಸುದ್ದಿ ಯಾದಗಿರಿಯ ಗ್ಯಾರೇಜುಗಳಿಂದ ಚಹಾದಂಗಡಿಗಳಿಗೆ, ಅಲ್ಲಿಂದ ಬಸ್ಸಿನಲ್ಲಿ ಊರೂರಿಗೆ ಹೋಗುತ್ತಿತ್ತು. ರಾಮಸಮುದ್ರದ ನಮ್ಮ ಮನೆಗೆ ಆ ಸುದ್ದಿ ತರುತ್ತಿದ್ದವರು ಖಾಜಾ ಕಾಕಾ. ಅವರು ಮೆಕ್ಯಾನಿಕ್, ಅಪ್ಪನ ಹಳೆಯ ಗೆಳೆಯ. ಅವರು ಬಂದರೆ ಅಂಗಳದ ತುಂಬ ಡೀಸೆಲ್ ವಾಸನೆ. ಅವ್ವ ಅವರಿಗಾಗಿ ಮಂಡಕ್ಕಿ ತೋಯಿಸಿ ಸುಸಲಾ ಕಲಸುತ್ತಿದ್ದಳು. ನಾನು ಅದರೊಳಗಿನ ಶೇಂಗಾ ಆರಿಸಿ ತಿನ್ನುತ್ತ ದೊಡ್ಡವರ ಮಾತಿಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ.

ಆ ವರ್ಷ ಅಪ್ಪ ಎತ್ತುಗಳನ್ನು ಮಾರಿದ್ದ. ಒಂದಕ್ಕೆ ವಯಸ್ಸಾಗಿತ್ತು, ಅದಿಲ್ಲದೆ ಇನ್ನೊಂದು ನೊಗಕ್ಕೆ ಬರುತ್ತಿರಲಿಲ್ಲ. ಎತ್ತು ಮಾರಿದ ದುಡ್ಡಿಗೆ ಅವ್ವ ಅಂಗನವಾಡಿಯ ಗೌರವಧನದಲ್ಲಿ ಕೂಡಿಟ್ಟದ್ದನ್ನು ಸೇರಿಸಿ ಹಳೆಯ ಟ್ರ್ಯಾಕ್ಟರ್ ತರುವುದು ಎಂದಾಗಿತ್ತು. ಸಾಲ ಮಾಡುವುದಿಲ್ಲ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಹೀಗಾಗಿ ಗಾಡಿ ಒಂದೇ ಸಲಕ್ಕೆ ಸರಿಯಾದದ್ದು ಸಿಗಬೇಕಿತ್ತು. ಕೆಟ್ಟದ್ದು ಗಂಟುಬಿದ್ದರೆ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಮಳೆಗೆ ತಿಂಗಳೂ ಉಳಿದಿರಲಿಲ್ಲ.

ಹಾಗೆಂದು ನಾವು ಇಲ್ಲದವರೇನಲ್ಲ. ಸಿಮೆಂಟಿನ ಮನೆಯಿತ್ತು, ಟಿ.ವಿ. ಇತ್ತು, ಹಬ್ಬಕ್ಕೆ ನನಗೆ ಹೊಸ ಬಟ್ಟೆ ತಪ್ಪುತ್ತಿರಲಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡಬೇಕು.

ಸುರಪುರದ ದಾರಿಯ ಒಂದು ಊರಲ್ಲಿ ಮಲ್ಲಣ್ಣ ಎಂಬ ಸಾಹುಕಾರರ ಗಾಡಿ ಇದೆ ಎಂದು ಖಾಜಾ ಕಾಕಾ ಸುದ್ದಿ ತಂದರು. ಜೊತೆಗೆ ಉಪದೇಶವನ್ನೂ ತಂದರು.

"ನೋಡು ಭೀಮಣ್ಣ, ವ್ಯಾಪಾರಕ್ಕ ಹೋಗಾಗ ಕೈಯಾಗ ಗಡಿಯಾರ ಬ್ಯಾಡ, ಇಸ್ತ್ರಿ ಅಂಗಿ ಬ್ಯಾಡ. ಮಾರಾಂವ ಮೊದಲ ನಿನ್ನ ಚಪ್ಲಿ ನೋಡ್ತಾನ, ಆಮ್ಯಾಲ ರೇಟ್ ಹೇಳ್ತಾನ."

"ಹರಕ ಅಂಗಿ ಬೇಕಾದ್ರ ಹುಡುಕೋದೇನೂ ಬ್ಯಾಡ್ರಿ ಕಾಕಾ," ಎಂದಳು ಅವ್ವ ಒಳಗಿನಿಂದ. "ಇವರ ಪೆಟ್ಟಿಗ್ಯಾಗ ಅವಕ್ಕೇನೂ ಕಮ್ತಿ ಇಲ್ಲ."

ಎಲ್ಲರೂ ನಕ್ಕೆವು. ನಮ್ಮ ಕಡೆ ಅದು ರೂಢಿ. ಎತ್ತಿನ ಸಂತೆಗೆ ಹೋಗುವಾಗಲೂ ಅಪ್ಪ ಮಾಸಿದ ಅಂಗಿಯನ್ನೇ ತೊಡುತ್ತಿದ್ದ. ಸಂತೆಗಾಗಲಿ, ಬೀಜದಂಗಡಿಗಾಗಲಿ, ಶಹಾಪುರದ ಹತ್ತಿ ಮಿಲ್ಲಿಗಾಗಲಿ, ಅಪ್ಪ ಎಲ್ಲಿಗೆ ಹೊರಟರೂ ಜೊತೆಗೆ ನಾನಿರುತ್ತಿದ್ದೆ. ನಾನು ಬೆರಳು ಹಿಡಿದು ನಡೆದರೆ ವ್ಯಾಪಾರ ಕುದುರುತ್ತದೆ ಎಂದು ಅವನೇ ಹೇಳುತ್ತಿದ್ದ. ನನಗೆ ಅದೊಂದು ಹೆಮ್ಮೆ.

ಮರುದಿನ ಮೊದಲ ಬಸ್ಸಿಗೆ ಹೊರಡಬೇಕಿತ್ತು. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು, ಬಿಸಿ ಮಾಡಿಟ್ಟ ಗಾಡಿ ಎಂಥದ್ದಾದರೂ ಒಂದೇ ಹೊಡೆತಕ್ಕೆ ಚಾಲೂ ಆಗುತ್ತದೆ ಎಂಬುದು ಕಾಕಾನ ಲೆಕ್ಕ. ನಾನು ಗುಲಾಬಿ ಬಣ್ಣದ ಹೊಸ ಚೂಡಿದಾರ ತೊಟ್ಟು ಹೊರಗೆ ಬಂದೆ. ಅಪ್ಪ ನೋಡಿದ. ನನ್ನನ್ನು ಅವನು ಮುದ್ದಿಗೆ ತಂಗಿ ಎಂದೇ ಕರೆಯುತ್ತಿದ್ದ.

"ಇದು ಬ್ಯಾಡ ತಂಗಿ. ಆ ಹಳೀ ಫ್ರಾಕ್ ಅದಲ್ಲ, ಅದು ಹಾಕ್ಕೋ."

"ಯಾವುದು? ಒಲಿ ಒರಸಾಕ ತಗದಿಟ್ಟದ್ದಾ?" ಅವ್ವ ಅಡುಗೆಮನೆಯಿಂದ ಬಂದಳು. "ಹೆಣ್ಣುಹುಡುಗಿನ್ನ ಹಂಗ ಕರ್ಕೊಂಡು ಹೋಗ್ತೀರೇನು? ನಿಮಗರ ನಾಚಿಕಿ ಬ್ಯಾಡಾ?"

"ಒಂದಿನದ ಮಾತು. ಅವ್ರು ನಾಕು ರೂಪಾಯಿ ಕಮ್ಮಿ ಮಾಡಿದ್ರ ನಮಗ ಲಾಭ ಅಲ್ಲಾ?"

ಅವ್ವ ಚಿಂದಿಯ ಗಂಟಿನಿಂದ ಫ್ರಾಕನ್ನು ಎಳೆದು ಕೊಟ್ಟಳು. ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಅಂಚು ಬಿಚ್ಚಿ ಉದ್ದ ಮಾಡಿದ ಕಡೆ ಮೊದಲಿನ ನೀಲಿ ಒಂದು ಪಟ್ಟಿಯಷ್ಟು ಉಳಿದು, ಮಿಕ್ಕಿದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಬೇಸರವೇನೂ ಆಗಲಿಲ್ಲ. ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಭಿಕ್ಷುಕಿಯ ಪಾತ್ರ ಸಿಕ್ಕಂತೆ ಆಗಿತ್ತು. ಬಸ್ಸಿನಲ್ಲಿ ಖಾಜಾ ಕಾಕಾ ನನ್ನನ್ನು ಮೇಲೆ ಕೆಳಗೆ ನೋಡಿ, "ಪುರಾ ತಯಾರಿ ಮಾಡ್ಕೊಂಡ ಬಂದಾಳ ಬೇಟಿ," ಎಂದರು. ನಾನು ನಕ್ಕೆ. ಭೀಮಾ ನದಿ ದಾಟುವವರೆಗೂ, ಶಹಾಪುರದ ಗುಡ್ಡಗಳು ಕಾಣುವವರೆಗೂ ನಗುತ್ತಲೇ ಇದ್ದೆ.

ಮಲ್ಲಣ್ಣ ಸಾಹುಕಾರರ ಅಂಗಳದಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಕಾಕಾ ಮಾತಿಲ್ಲದೆ ಎಂಜಿನ್ ಮೇಲೆ ಅಂಗೈಯಿಟ್ಟರು.

"ಬರೋಬರಿ ಮುಟ್ಟಿ ನೋಡ್ರಿ," ಎಂದರು ಮಲ್ಲಣ್ಣ. ದಪ್ಪ ಮೀಸೆ, ಹೆಗಲ ಮೇಲೆ ಟವೆಲ್ಲು, ಗಟ್ಟಿ ದನಿ. "ನಸುಕಿನ್ಯಾಗೆದ್ದು ಕಾಸಿ ಇಡೋ ಮಂದಿ ಅಲ್ರಿ ನಾವು."

ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಹೊಗೆ ತೆಳ್ಳಗಿತ್ತು. ಕಾಕಾ ಎಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಂಡು ಮೂಸಿದರು. ಹಿಂದೆ ಕಟ್ಟಿದ್ದ, ನೆಲ ಉಳುವ ಟಿಲ್ಲರನ್ನು ಮೇಲೆತ್ತಿಸಿ ಎಂಜಿನ್ ಬಂದ್ ಮಾಡಿಸಿದರು. ಅದನ್ನು ಎತ್ತಿ ಹಿಡಿಯುವ ಲಿಫ್ಟ್ ಕೆಟ್ಟಿದ್ದರೆ ಟಿಲ್ಲರ್ ತಾನಾಗಿ ಇಳಿಯುತ್ತದೆ. ನಾವೆಲ್ಲ ಅದನ್ನೇ ನೋಡುತ್ತ ನಿಂತೆವು. ಅದು ಅಲುಗಲಿಲ್ಲ. ಅಪ್ಪನ ಕಿವಿಯಲ್ಲಿ ಕಾಕಾ, "ಮಜಬೂತ್ ಅದ," ಎಂದದ್ದು ನನಗೂ ಕೇಳಿಸಿತು.

ಆದರೆ ಸಾಹುಕಾರರು ಹೇಳಿದ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅಪ್ಪ ಸ್ವಲ್ಪ ಏರಿಸಿದ, ಅವರು ಸ್ವಲ್ಪ ಇಳಿಸಿದರು, ಅಲ್ಲಿಗೆ ನಿಂತಿತು. ಆಗ ಅಪ್ಪ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ತಲೆಯ ಮೇಲೆ ಕೈಯಿಟ್ಟ.

"ಸಾವ್ಕಾರ್ರ, ಈ ಕೂಸಿನ ಮಾರಿ ನೋಡಿ ಒಂದು ಮಾತು ಹೇಳ್ರಿ."

ಅವನ ದನಿ ಬೇರೆಯಾಗಿತ್ತು. ಮನೆಯಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಆ ಕೈ ಭಾರವಾಗಿತ್ತು. ನಾಟಕ ಅಲ್ಲಿಗೆ ಮುಗಿಯಿತು. ಎಲ್ಲರೂ ನನ್ನ ಫ್ರಾಕನ್ನು ನೋಡುತ್ತಿದ್ದರು. ನಾನು ಕಂಕುಳ ಮುಚ್ಚಲು ತೋಳನ್ನು ಮೈಗೆ ಒತ್ತಿ ಹಿಡಿದೆ.

"ಆ ಹುಡುಗಿನ್ಯಾಕ ಬಿಸಿಲಾಗ ನಿಲ್ಸೀರಿ? ಬಾ ಯವ್ವಾ ಒಳಗ," ಎಂದು ಬಾಗಿಲಿಂದ ಸಾಹುಕಾರರ ಹೆಂಡತಿ ಕರೆದರು.

ಅಡುಗೆಮನೆಯಲ್ಲಿ ಬಿಸಿ ರೊಟ್ಟಿಯ ವಾಸನೆ. ಪುಂಡಿಪಲ್ಯದ ಮೇಲೆ ಬೆಣ್ಣೆ ಹಾಕಿ ಕೊಟ್ಟರು. ನಾನು ಬೆಳಿಗ್ಗೆಯೇ ತಿಂದು ಬಂದಿದ್ದೆ. ಆದರೂ ತಿಂದೆ. ತಿಂದದ್ದು ನೋಡಿ ಅವರು ಇನ್ನೊಂದು ರೊಟ್ಟಿ ಹಾಕಿದರು.

"ಸಾಲಿಗಿ ಹೋಗ್ತೀಯೇನ?"

"ಹೋಗ್ತೀನ್ರಿ."

"ಅವ್ವ ಅದಾಳ?"

"ಅದಾಳ್ರಿ."

ಅವರು ನನ್ನ ಫ್ರಾಕಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಪಾಪ, ಆಕಿನರ ಏನು ಮಾಡ್ತಾಳ," ಎಂದರು ತಮ್ಮಷ್ಟಕ್ಕೆ.

ಅವ್ವನ ಬಗ್ಗೆ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟೆ. ಅವರು ಒಳಗೆ ಹೋಗಿ ಹಸಿರು ಬಣ್ಣದ ಲಂಗ ಜಂಪರು ತಂದರು. "ನನ್ನ ಮಗಳದು. ಆಕಿಗಿ ಈಗ ಸಣ್ಣದಾಗ್ಯಾದ." ತಾವೇ ಫ್ರಾಕು ಬಿಚ್ಚಿ ಅದನ್ನು ತೊಡಿಸಿದರು. ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚಿದರು. ಬಟ್ಟೆಗೆ ಪೆಟ್ಟಿಗೆಯೊಳಗಿನ ಕರ್ಪೂರದ ಗುಳಿಗೆಯ ವಾಸನೆಯಿತ್ತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಅಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು.

ನಾನು ಹೊರಗೆ ಬಂದಾಗ ಅಪ್ಪ ನನ್ನನ್ನು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ. ಮಲ್ಲಣ್ಣನವರೂ ನೋಡಿದರು. ಮಗಳ ಲಂಗದ ಗುರುತು ಹಿಡಿದು ಮೀಸೆ ತಿರುವಿದರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಪ್ಪನಿಗೆ, "ಈ ಗಾಡಿ ನಿಮಗ ಬ್ಯಾಡ್ರಿ," ಎಂದರು.

"ಅಂದ್ರ? ರೇಟಿನ ಮಾತ..."

"ರೇಟಲ್ಲ. ಹೋದ ವರ್ಷ ಗದ್ದಿ ಹೊಡಿವಾಗ ಕಾಲವಿಗಿ ಬಿದ್ದಿತ್ತು. ಎಂಜಿನ್ ಬ್ಲಾಕ್ ಸೀಳ್ಯಾದ. ವೆಲ್ಡಿಂಗ್ ಮಾಡ್ಸಿ ಬಣ್ಣ ಹೊಡಿಸೀನಿ. ಒಂದು ಸೀಜನ್ ನಡೀಬಹುದು, ಆಮ್ಯಾಲ ಕೈ ಕೊಡ್ತದ."

ಖಾಜಾ ಕಾಕಾ ಬೆಪ್ಪಾದರು. "ಅಲ್ರಿ ಸಾವ್ಕಾರ್ರ, ನನ್ನ ಕಣ್ಣಿಗೇ ಬಿದ್ದಿಲ್ಲಲ್ಲ!"

"ಬೀಳಬಾರದಂತನ ಮಾಡ್ಸೀನಿ," ಎಂದರು ಮಲ್ಲಣ್ಣ. "ನಾ ಏನು ದೊಡ್ಡ ಸಾಧು ಅಲ್ಲ. ನಾಳಿ ಬ್ಯಾರೆಯವ್ರು ಬಂದ್ರ ಇದನ್ನ ಮಾರ್ತೀನಿ. ಆದ್ರ ಕೂಸಿನ್ನ ಕಟ್ಟಿಗೊಂಡು ಬಂದೀರಿ. ನಿಮಗ ಮೋಸ ಮಾಡಿ ನಾ ಎಲ್ಲಿಗಿ ಹೋಗಲಿ?"

ಅಪ್ಪ ತಲೆ ತಗ್ಗಿಸಿ ಕೂತಿದ್ದ. ಸಾಹುಕಾರರು ಅಲ್ಲಿಂದಲೇ ವಡಗೇರಾದ ತಮ್ಮ ಹೆಂಡತಿಯ ತಮ್ಮನಿಗೆ ಫೋನು ಮಾಡಿದರು. ಅವನ ಗಾಡಿ ಹಳೆಯದು, ನೋಡಲು ಚೆಂದವಿಲ್ಲ, ಆದರೆ ಎಂಜಿನ್ನಿಗೆ ಯಾರೂ ಕೈ ಹಚ್ಚಿಲ್ಲ ಎಂದರು. "ಬಡವ್ರದಾರ, ನೋಡಿ ಹೇಳು ರೇಟು," ಎಂದು ನಮ್ಮೆದುರಿಗೇ ಫೋನಿನಲ್ಲಿ ಹೇಳಿದರು.

ವಾಪಸು ಬಸ್ಸಿನಲ್ಲಿ ಖಾಜಾ ಕಾಕಾ, "ಭೀಮಣ್ಣ, ನಿನ್ನ ಮಗಳನ್ನ ನನ್ನ ಗ್ಯಾರೇಜಿಗಿ ಕಳಸು, ಗಾಡಿಯೆಲ್ಲ ತಾವ ಬಾಯಿ ಬಿಡ್ತಾವ," ಎಂದು ತಮಾಷೆ ಮಾಡಲು ನೋಡಿದರು.

"ಸುಮ್ಕಿರು ಖಾಜಾ," ಎಂದ ಅಪ್ಪ.

ಮನೆಗೆ ಬಂದಾಗ ಅವ್ವ, "ಇದ್ಯಾರದು ಲಂಗ?" ಎಂದು ಕೇಳಿದಳು. ಅಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದ. ನಾನು ಹೇಳಿದೆ. ಅವ್ವ ಅದನ್ನು ಒಗೆದು, ಒಣಗಿಸಿ, ಮಡಚಿ, ಪೆಟ್ಟಿಗೆಯ ತಳದಲ್ಲಿಟ್ಟಳು. ತೊಡು ಎಂದು ಎಂದೂ ಹೇಳಲಿಲ್ಲ.

ವಡಗೇರಾದ ಗಾಡಿ ನಮ್ಮ ಕೈಗೆ ಎಟುಕುವ ಬೆಲೆಗೆ ಬಂತು. ತುಕ್ಕು ಹಿಡಿದ ಬಾನೆಟ್ಟು, ಹರಿದ ಸೀಟು, ಕೆಮ್ಮಿದಂಥ ಸದ್ದು. ಆದರೆ ಅದು ಒಂದು ದಿನವೂ ನಮ್ಮನ್ನು ಹೊಲದಲ್ಲಿ ನಿಲ್ಲಿಸಲಿಲ್ಲ. ಕೆಟ್ಟು ನಿಂತಿದ್ದರೆ, ಆಡಿದ ಆಟಕ್ಕೆ ತಕ್ಕದ್ದಾಯಿತು ಎಂದು ಮರೆಯಬಹುದಿತ್ತು. ಅದು ಪ್ರತಿ ಬೆಳಿಗ್ಗೆ ಒಂದೇ ಹೊಡೆತಕ್ಕೆ ಚಾಲೂ ಆಗುತ್ತಿತ್ತು. ಆಗೆಲ್ಲ ನಾನು ಹೊದಿಕೆ ಎಳೆದುಕೊಳ್ಳುತ್ತಿದ್ದೆ.

ಬಿತ್ತನೆ ಮುಗಿದಿತ್ತು. ಒಂದು ಭಾನುವಾರ ನಾನು ಜಗುಲಿಯಲ್ಲಿ ಗೆಳತಿಯ ಜೊತೆ ಹರಳಿನ ಆಟ ಆಡುತ್ತಿದ್ದೆ. ಮೇಲೆಸೆದ ಹರಳು ಕೈಗೆ ಬರುವ ಮೊದಲೇ ಮಲ್ಲಣ್ಣ ಸಾಹುಕಾರರೂ ಅವರ ಹೆಂಡತಿಯೂ ಅಂಗಳದಲ್ಲಿ ನಿಂತಿದ್ದರು. ಯಾದಗಿರಿಯ ದವಾಖಾನೆಗೆ ಬಂದವರು, ಗಾಡಿ ಹೇಗೆ ನಡೆದಿದೆ ನೋಡೋಣ ಎಂದು ಬಂದಿದ್ದರು. ಆ ತಾಯಿಯ ಕೈಯಲ್ಲಿ ಒಂದು ಗಂಟಿತ್ತು. ಗಂಟಿನ ಸಂದಿಯಲ್ಲಿ ಹಳದಿ ಫ್ರಾಕಿನ ಕುಚ್ಚು ಕಾಣುತ್ತಿತ್ತು. ನಾನು ಗುಲಾಬಿ ಚೂಡಿದಾರದಲ್ಲಿದ್ದೆ.

ಸಾಹುಕಾರರು ಅಪ್ಪನ ಜೊತೆ ಗಾಡಿಯ ಹತ್ತಿರ ಹೋದರು. ಆಕೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಟಿ.ವಿ. ನೋಡಿದರು. ಗೋಡೆಯ ಮೇಲೆ ನಾನು ಬಹುಮಾನ ಹಿಡಿದು ನಿಂತ ಫೋಟೋ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಕೋಪ ಬರುತ್ತದೆ ಎಂದು ನಾನು ಕಾದೆ. ಅವರು ಗಂಟನ್ನು ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಸರಿಸಿದರು.

ಅವ್ವ ಚಹಾ ತಂದಳು. ಅವಳಿಗೆ ಗಂಟಿನಲ್ಲಿ ಏನಿದೆಯೋ ತಿಳಿಯದು. "ಅದನ್ಯಾಕ ಅಲ್ಲಿ ನೆಲಕ್ಕ ಇಟ್ಟೀರಿ ಅಕ್ಕಾರ? ಕೊಡ್ರಿ ಈ ಕಡಿ."

"ಇರಲಿ ಬಿಡ್ರಿ. ಯಾದಗಿರ್ಯಾಗ ನಮ್ಮ ತಂಗಿ ಮಕ್ಕಳದಾವ. ಅವಕ್ಕ ತಂದೀನಿ."

ಚಹಾ ಕುಡಿದು, ನನ್ನ ಗಲ್ಲ ಮುಟ್ಟಿ, "ಛಲೋ ಓದು ಯವ್ವಾ," ಎಂದು ಎದ್ದರು. ಹೊರಡುವಾಗ ಅಪ್ಪ ಅಂಗಳದ ತುದಿಯವರೆಗೂ ಹೋಗಿ, "ಸಾವ್ಕಾರ್ರ, ಅವತ್ತು ನಾ..." ಎಂದು ಬಾಯಿ ತೆರೆದ.

"ಗಾಡಿ ನಡೀತದಲ್ಲ? ಸಾಕು ಬಿಡ್ರಿ," ಎಂದರು ಮಲ್ಲಣ್ಣ. ದನಿ ಗಟ್ಟಿಯಾಗಿರಲಿಲ್ಲ.

ಗಂಟು ಅವರ ಜೊತೆಯೇ ವಾಪಸು ಹೋಯಿತು. ಅವರು ಮತ್ತೆ ಬರಲಿಲ್ಲ. ನಾವೂ ಹೋಗಲಿಲ್ಲ. ಮುಂದಿನ ಸಂತೆಗೆ ಅಪ್ಪ ಒಬ್ಬನೇ ಹೋದ. ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. ಅದರ ಮುಂದಿನ ಸಂತೆಗೂ ಒಬ್ಬನೇ ಹೋದ. ಆಮೇಲೆ ನಾನು ಬಾಗಿಲಿಗೆ ಬರುವುದನ್ನು ಬಿಟ್ಟೆ. ಓದಿಗೆಂದು ಕಲಬುರಗಿಗೆ ಹೋದ ಮೇಲೆ, ಅಪ್ಪನ ಜೊತೆ ಮಾತು ಎಂದರೆ ಫೋನಿನಲ್ಲಿ ಊಟ ಆಯಿತೇ ಎಂದು ಕೇಳುವಷ್ಟಕ್ಕೆ ಉಳಿಯಿತು. ಅವನ ಬೆರಳು ಹಿಡಿದು ಸಂತೆಯ ಧೂಳಿನಲ್ಲಿ ನಡೆಯುತ್ತ, ಯಾವ ಎತ್ತಿನ ಮೈಮೇಲಿನ ಕೂದಲ ಸುಳಿ ಸರಿಯಿದೆ, ಯಾವ ವ್ಯಾಪಾರಿ ಸುಳ್ಳು ಹೇಳುತ್ತಾನೆ ಎಂದು ಕೇಳಿಸಿಕೊಂಡ ದಿನಗಳು ಅಲ್ಲಿಗೆ ನಿಂತವು. ಇವತ್ತಿಗೂ ನನಗೆ ಅಂಗಡಿಯಲ್ಲಿ ಚೌಕಾಸಿ ಮಾಡಲು ಬರುವುದಿಲ್ಲ. ಹೇಳಿದಷ್ಟು ಕೊಟ್ಟು ಬರುತ್ತೇನೆ.

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಅಪ್ಪ ಟ್ರ್ಯಾಕ್ಟರಿಗೆ ಹಳೆಯ ಟೈರು ನೋಡಲು ಶಹಾಪುರಕ್ಕೆ ಹೊರಟಿದ್ದ.

"ನಾನೂ ಬರ್ಲಾ ಅಪ್ಪಾ?" ಎಂದೆ. ಎಷ್ಟೋ ವರ್ಷಗಳ ಮೇಲೆ ಕೇಳಿದ್ದು.

ಅವನು ನನ್ನ ಬಟ್ಟೆಯ ಮೇಲೆ ಒಮ್ಮೆ ಕಣ್ಣಾಡಿಸಿ ತಟ್ಟನೆ ಮುಖ ತಿರುಗಿಸಿದ.

"ಬ್ಯಾಡ ತಂಗಿ. ಬಿಸಿಲು ಭಾಳ ಅದ."

ಹೊರಗೆ ಬೆಳಗಿನಿಂದಲೂ ಮೋಡ ಕವಿದಿತ್ತು.