ಹೆಣ್ಣು ನೋಡಲು ಬಂದ ದಿನ ಮುರಿಯದ ಸರಳು

ಮೊನ್ನೆ ಖಾಲಿ ಕಾವಲಿಯನ್ನು ಒಲೆಯ ಮೇಲೆ ಮರೆತುಬಿಟ್ಟೆ. ಕಾದ ಕಬ್ಬಿಣದ ಒಣ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಓಡಿ ಬಂದು ಒಲೆ ಆರಿಸಿದವಳು ಅಲ್ಲೇ ನಿಂತು ನಕ್ಕೆ. ಮೇಲಿನ ಮನೆಯ ಅಕ್ಕನ ಲ್ಯಾಬಿನಲ್ಲೂ ಇದೇ ವಾಸನೆ...

ಆಗ ವಿದ್ಯಾನಗರದಲ್ಲಿ ನಾವು ಕೆಳಗೆ, ಅಕ್ಕ ಮತ್ತು ಅವರ ಅಮ್ಮ ಮೇಲೆ. ನಾನು ಭದ್ರಾವತಿಯ ಶಾಲೆಯೊಂದರಲ್ಲಿ ಟೀಚರ್, ಅಕ್ಕ ಅದೇ ಊರಿನ ಸಣ್ಣದೊಂದು ಖಾಸಗಿ ಲ್ಯಾಬಿನಲ್ಲಿ. ಇಬ್ಬರಿಗೂ ಒಂದೇ ಬಸ್ಸು. ಬಾಯ್ಲರಿನಂಥ ಕಡೆ ಬಳಸುವ, ಬಿಸಿ ತಡೆಯುವ ಉಕ್ಕು ಎಷ್ಟು ಕಾಲ ತಾಳುತ್ತದೆಂದು ಪರೀಕ್ಷಿಸುವುದು ಅವರ ಕೆಲಸ. ಬೆರಳು ದಪ್ಪದ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಯಂತ್ರದಲ್ಲಿ ಒಂದಿಷ್ಟೇ ಎಳೆಯುವುದು, ಒಂದಿಷ್ಟೇ ಒತ್ತುವುದು, ಮತ್ತೆ ಎಳೆಯುವುದು... ಮುರಿಯುವವರೆಗೆ.

"ಒಂದು ಸಲ ಎಳೆದ್ರೆ ಏನೂ ಆಗಲ್ಲ ಟೀಚರ್. ಚೂರುಚೂರೇ ಎಳೆದೂ ಎಳೆದೂ ಅದಕ್ಕೆ ಸುಸ್ತಾಗುತ್ತೆ. ಕಾದಿದ್ರೆ ಇನ್ನೂ ಬೇಗ," ಎನ್ನುತ್ತಿದ್ದರು. ನಮ್ಮ ಬಸ್ಸಿನ ಕಂಡಕ್ಟರನಿಗೂ ಈ ಪಾಠ ಬಾಯಿಪಾಠವಾಗಿತ್ತು.

ಅಕ್ಕನಿಗೆ ಮೂವತ್ತೈದು ದಾಟಿತ್ತು. ಅವರ ಅಮ್ಮ ಹಟ ಹಿಡಿದು ದಾವಣಗೆರೆಯ ಸಂಬಂಧವೊಂದನ್ನು ಹುಡುಕಿದರು. ಗಂಡಿನ ಕಡೆಯವರು ಭಾನುವಾರ ಬರುವುದೆಂದಾಯಿತು. ಶುಕ್ರವಾರವೇ ಮುರಿಯಬೇಕಿದ್ದ ಸರಳು ಮಾತ್ರ ಶನಿವಾರವೂ ಮುರಿಯಲಿಲ್ಲ. ನಡುವೆ ಕರೆಂಟ್ ಹೋಗಿ ಕುಲುಮೆ ತಣ್ಣಗಾದರೆ ಅಷ್ಟು ದಿನದ ಕೆಲಸ ನೀರುಪಾಲು. ಭಾನುವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, "ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಅಕ್ಕ ಬಸ್ಸು ಹತ್ತಿದರು.

ಬೀಗರಾಗಬೇಕಿದ್ದವರು ಹೊತ್ತಿಗೆ ಸರಿಯಾಗಿ ಬಂದರು. ಉಪ್ಪಿಟ್ಟು ಮುಗಿಯಿತು, ಕೇಸರಿಬಾತು ಬಂತು, ಅಕ್ಕ ಬರಲಿಲ್ಲ.

"ಹುಡುಗಿ ಎಲ್ರಿ?" ಎಂದರು ಗಂಡಿನ ತಾಯಿ.

ಅಕ್ಕನ ಅಮ್ಮನಿಗೆ ಸುಳ್ಳು ಹೇಳಲು ಬಾರದು. "ಕಬ್ಬಿಣ ಮುರಿಯೋಕೆ ಹೋಗಿದಾಳೆ."

ಆಕೆ ಚಮಚ ಕೆಳಗಿಟ್ಟರು. "ಒಬ್ಬಾಕೀನೇ?"

ಬಡಿಸುತ್ತಿದ್ದ ನಾನು ನಡುವೆ ಬಾಯಿ ಹಾಕಿ ವಿವರಿಸಿದೆ. ವಿವರಿಸಿದಷ್ಟೂ ಕೆಟ್ಟಿತು. ಕೊನೆಗೆ ಗಂಡಿನ ತಂದೆ, ಹಣೆ ತುಂಬ ವಿಭೂತಿ ಧರಿಸಿದ್ದ ಬಟ್ಟೆ ವ್ಯಾಪಾರಿ, ಎದ್ದು ನಿಂತರು. "ನಡೀರಿ, ಅಲ್ಲಿಗೇ ಹೋಗಾಣ. ಹೆಣ್ಣೂ ನೋಡಿದಂಗಾತು, ಕಬ್ಬಿಣಾನೂ ನೋಡಿದಂಗಾತು."

ಲ್ಯಾಬಿನಲ್ಲಿ ಅಕ್ಕ ರೇಷ್ಮೆ ಸೀರೆಯಲ್ಲೇ ಯಂತ್ರದ ಮುಂದೆ ಕೂತಿದ್ದರು. ಮಲ್ಲಿಗೆ ಕಂದುಬಣ್ಣಕ್ಕೆ ತಿರುಗಿತ್ತು. ಗಂಡು ಫ್ಯಾನಿನ ಕೆಳಗೆ ಜಾಗ ಹುಡುಕಿಕೊಂಡ.

"ಇದು ಮುರಿದ್ರೆ ನಿನಗೆ ಸಂತೋಷನೋ, ಮುರೀದಿದ್ರೆ ಸಂತೋಷನೋ?" ಎಂದರು ಗಂಡಿನ ತಾಯಿ.

ಅಕ್ಕ ಪ್ರಾಮಾಣಿಕವಾಗಿ ಯೋಚಿಸಿದರು. "ಮುರೀದಿದ್ರೇ ಒಳ್ಳೇದು. ಬಾಯ್ಲರ್ ಹತ್ರ ಜನ ನಿಂತಿರ್ತಾರಲ್ಲ. ಆದ್ರೆ ಮುರಿಯೋ ತನಕ ನಾನು ಬಿಡೋ ಹಾಗಿಲ್ಲ."

ಮರುದಿನ ಉತ್ತರ ಬಂತು: ಮುರಿಯೋ ತನಕ ಬಿಡದ ಸೊಸೆ ಬೇಡ. ಅಕ್ಕನ ಅಮ್ಮ ಅತ್ತರು. ಸಂಜೆ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ, "ಹುಡುಗ ಒಳ್ಳೆಯವರ ಹಾಗೆ ಕಂಡ್ರು" ಎಂದಷ್ಟೇ ಹೇಳಿದರು. ಅಂದು ಉಕ್ಕಿನ ಪಾಠ ಇರಲಿಲ್ಲ.

ಬುಧವಾರ ಲ್ಯಾಬಿಗೆ ಫೋನ್ ಬಂತು. ಗಂಡಿನ ತಂದೆ, ಅಂಗಡಿಯಿಂದ, ಹೆಂಡತಿಗೆ ತಿಳಿಯದಂತೆ. "ಮುರೀತೇನವ್ವ?"

"ಇಲ್ಲ ಅಪ್ಪಾಜಿ."

ಮರುದಿನವೂ ಕೇಳಿದರು. ಮುರಿದ ದಿನ ಅಕ್ಕನೇ ಫೋನ್ ಮಾಡಿದರು. ಅವರು, "ಅಯ್ಯೋ ಪಾಪ!" ಎಂದು ಮರುಗಿದರಂತೆ. ಆಮೇಲೆ ಪ್ರತಿ ಹೊಸ ಸರಳಿಗೂ ಅವರ ಫೋನ್ ಶುರುವಾಯಿತು. ಮಗನಿಗೆ ಬೇರೆ ಕಡೆ ಮದುವೆ ಮಾಡಿದಾಗ ಅಕ್ಕನನ್ನೂ ಕರೆದರು. ಅಕ್ಕ ಹೋಗಿ, ಸ್ಟೀಲ್ ಕೊಳಗವೊಂದನ್ನು ಉಡುಗೊರೆ ಕೊಟ್ಟು, ಉಂಡು ಬಂದರು. ಮದುವೆಯ ಯೋಚನೆ ಮತ್ತೆ ಮಾಡಲಿಲ್ಲ...

ಆ ಯಂತ್ರದ ಮುಂದೆಯೇ ಅವರ ವರ್ಷಗಳು ಕಳೆದವು. ಅಕ್ಕ ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಅವರ ಹೆಸರಲ್ಲಿ ಊಟ ಹಾಕಿದ ಶಿವಗಣಾರಾಧನೆಗೆ, ಈಗ ಅಜ್ಜನಾಗಿದ್ದ ಆ ಬಟ್ಟೆ ವ್ಯಾಪಾರಿ ಕೋಲೂರಿಕೊಂಡು ಬಂದಿದ್ದರು. ಊಟವಾದ ಮೇಲೆ ನನ್ನ ಪಕ್ಕ ಕೂತು, "ಆ ಮಿಷಿನ್ ಮುಂದೆ ಈಗ ಯಾರು ಕುಂದರ್ತಾರವ್ವ?" ಎಂದರು.

"ಹೊಸ ಹುಡುಗಿ ಬಂದಿದಾಳೆ ಅಪ್ಪಾಜಿ. ನಂಬರ್ ಕೊಡ್ಲಾ?"

ಕನ್ನಡಕ ಹಾಕಿಕೊಂಡು ಮೊಬೈಲ್ ತೆಗೆದವರು ಮತ್ತೆ ಜೇಬಿಗೆ ಹಾಕಿದರು. "ಬ್ಯಾಡ ಬಿಡು. ಆಕೀಗೆ ನಾ ಯಾರು ಅಂತ ಹೇಳ್ಲಿ?"

ಈಗ ಆಗೊಮ್ಮೆ ಈಗೊಮ್ಮೆ ನನಗೇ ಫೋನ್ ಮಾಡುತ್ತಾರೆ. ನನಗೆ ಉಕ್ಕಿನ ವಿಷಯ ಗೊತ್ತಿಲ್ಲ. ಮಳೆ, ಮಂಡಿನೋವು, ಮೊಮ್ಮಕ್ಕಳು... ಅಲ್ಲಿಗೆ ಕೇಳುವುದೆಲ್ಲ ಮುಗಿಯುತ್ತದೆ. ಆದರೂ ಇಬ್ಬರೂ ಬೇಗ ಫೋನ್ ಇಡುವುದಿಲ್ಲ.