ಕೊನೆಯ ನುಡಿ ಇಲ್ಲದ ಹಾಡು

ನಮ್ಮ ಕಡೆ ಭತ್ತದ ನಾಟಿ ಶುರುವಾದರೆ ಟ್ರ್ಯಾಕ್ಟರುಗಳಿಗೆ ಬಾಯಿ ಬರುತ್ತದೆ. ಚಾಲಕನ ತಲೆಯ ಹಿಂದೆ ಎರಡು ಸೌಂಡ್ ಬಾಕ್ಸು, ಪೆನ್‌ಡ್ರೈವಿನ ತುಂಬ ಹಾಡು. ಹೋದ ಹಂಗಾಮಿನಲ್ಲಿ ಸಿಂಧನೂರಿನಿಂದ ವಳಕಮದಿನ್ನಿಯವರೆಗೆ ಯಾವ ಬದುವಿನ ಮೇಲೆ ನಿಂತರೂ ಒಂದೇ ಹಾಡು ಕೇಳುತ್ತಿತ್ತು. ಹೆಣ್ಣಿನ ದನಿಯನ್ನು ಹಿಂಡಿ ಇಲಿಯ ದನಿ ಮಾಡಿದ್ದಾರೆ. ಕೆಳಗೆ ಢಂ ಢಂ ಸೇರಿಸಿದ್ದಾರೆ. ಎರಡು ಸಾಲಿಗೊಮ್ಮೆ ಯಾವನೋ ತನ್ನ ಡಿಜೆ ಹೆಸರನ್ನು ಕೂಗುತ್ತಾನೆ. ಕೇಳಿದಾಗಲೆಲ್ಲ ಹಲ್ಲು ಕಡಿಯುತ್ತೇನೆ. ಅದು ನನ್ನ ತಂಗಿಯ ಹಾಡು. ಆ ಡಿಜೆಯನ್ನು ಬೈಯುವುದು ಸುಲಭ, ಬೇಕಾದಷ್ಟು ಬೈದಿದ್ದೇನೆ. ಆದರೆ ಅದನ್ನು ಮೊದಲು ಬೀದಿಗೆ ಹಾಕಿದವನು ನಾನೇ.

ನಾನು ಓದಿದ್ದು ಏಳನೇ ಇಯತ್ತೆ. ಸಿಂಧನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ನನಗೆ ಬರುವ ವಿದ್ಯೆ ಕೇಳುವುದೊಂದೇ. ವಳಕಮದಿನ್ನಿಯ ಮನೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಅದರಲ್ಲಿ ಬಟ್ಟೆ ಇರಲಿಲ್ಲ, ಕ್ಯಾಸೆಟ್ಟುಗಳಿದ್ದವು. ಅವ್ವ ಅದನ್ನು ನನ್ನ ಹೆಂಡತಿ ಎಂದು ಚೇಷ್ಟೆ ಮಾಡುತ್ತಿದ್ದಳು.

ಅವುಗಳಲ್ಲಿ ಮೂರನ್ನು ಈಗಲೂ ಯಾರಿಗೂ ಕೊಡುವುದಿಲ್ಲ. ಒಂದು, ಮುದಗಲ್ ಬಸ್ ನಿಲ್ದಾಣದಲ್ಲಿ ಕೊಂಡ ಹಸಿರು ಹೊದಿಕೆಯ ತತ್ವಪದದ ಕ್ಯಾಸೆಟ್. ಹಾಡುವವನು ಮುದುಕ, ಕೈಯಲ್ಲಿ ಏಕತಾರಿ ಬಿಟ್ಟರೆ ಬೇರೆ ವಾದ್ಯವಿಲ್ಲ. ಎರಡನೆಯ ಪದದ ನಡುವೆ ಅವನಿಗೆ ಕೆಮ್ಮು ಬರುತ್ತದೆ. ಕೆಮ್ಮಿ, ಸಾವಕಾಶವಾಗಿ ಬಿಟ್ಟ ಸಾಲನ್ನೇ ಹಿಡಿಯುತ್ತಾನೆ. ಆ ಕೆಮ್ಮಿಗಾಗಿ ನಾನು ಕಾಯುತ್ತೇನೆ. ಈಗಿನ ರೆಕಾರ್ಡಿಂಗಿನವರು ಅದನ್ನು ಮೊದಲು ಒರೆಸಿ ಹಾಕುತ್ತಾರೆ, ಆಮೇಲೆ ಹಾಡಿನಲ್ಲಿ ಜೀವವಿಲ್ಲವೆಂದು ಢೋಲು ತುಂಬುತ್ತಾರೆ. ಇವರ ಕಿವಿಯಲ್ಲಿ ಏನಿದೆಯೋ.

ಎರಡನೆಯದು ಪಾಪ್ ಆಲ್ಬಮ್. ಹೊದಿಕೆಯ ಮೇಲೆ ಕರಿ ಕನ್ನಡಕದ ಪಟ್ಟಣದ ಹುಡುಗಿ. ಊರಲ್ಲಿ ಎಲ್ಲರೂ ನಕ್ಕರು. ಬಿ ಬದಿಯ ಎರಡನೆಯ ಹಾಡಿನಲ್ಲಿ ಡ್ರಮ್ಮು ತಟ್ಟನೆ ನಿಂತು ಅವಳು ಒಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ, ಆಮೇಲೆ ಮುಂದಿನ ಸಾಲು. ಆ ಉಸಿರು ಕೇಳಿದವರು ನಗುವುದಿಲ್ಲ. ನನ್ನ ಟೇಪು ಆ ಕ್ಯಾಸೆಟ್ಟನ್ನು ಎರಡು ಸಲ ನುಂಗಿತ್ತು. ರೀಲು ಕತ್ತರಿಸಿ ಅಂಟಿಸಿದ ಜಾಗದಲ್ಲಿ ಹಾಡು ಒಂದು ಹೆಜ್ಜೆ ಹಾರುತ್ತದೆ. ಈಗ ಫೋನಿನಲ್ಲಿ ಆ ಹಾಡು ಹಾರದೆ ಹೋದರೆ ನನಗೇ ಏನೋ ತಪ್ಪಿದಂತೆ ಅನಿಸುತ್ತದೆ.

ಮೂರನೆಯದು ರಿವಾಯತ್ ಪದಗಳು, ಮೊಹರಮ್ಮಿನಲ್ಲಿ ಗುಂಪು ಕಟ್ಟಿ ಹಾಡುವಂಥವು. ಮುಮ್ಮೇಳದಲ್ಲಿ ಇಬ್ಬರು, ಒಬ್ಬ ಸಾಬರವನು, ಇನ್ನೊಬ್ಬ ವಿಭೂತಿ ಹಚ್ಚುವ ಮನೆಯವನು. ಸಾಲಿನ ಕೊನೆಯನ್ನು ಇಬ್ಬರೂ ಎಳೆದರೆ ಬಾವಿಯಿಂದ ಹಗ್ಗ ಎಳೆದಂತೆ ಇರುತ್ತದೆ. ಈ ಪದಗಳಿಗೆ ಒಂದು ಕಟ್ಟುಪಾಡು ಉಂಟು. ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಊರು ಹೇಳಬೇಕು, ಪದ ಕಲಿಸಿದ ಉಸ್ತಾದನನ್ನು ನೆನೆಯಬೇಕು, ತಾವು ಯಾರೆಂದು ಹೇಳಬೇಕು. ಪದದ ಮೇಲೆ ಹಕ್ಕು ಇರುವುದು ಆ ನುಡಿಯಿಂದ. ಹೊದಿಕೆಯ ಮೇಲೆ ಏನು ಅಚ್ಚಾದರೂ ನಮ್ಮ ಮಂದಿ ನಂಬುವುದಿಲ್ಲ, ಕೊನೆಯ ನುಡಿಯನ್ನು ನಂಬುತ್ತಾರೆ.

ನಾನು ಟೇಪು ಹಚ್ಚಿದಾಗ ತಂಗಿ ಒಲೆಯ ಮುಂದೆ ಇರುತ್ತಿದ್ದಳು. ಕೇಳುತ್ತಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಗದ್ದೆಯಲ್ಲಿ ಅವ್ವನ ಜೊತೆ ನಾಟಿ ಮಾಡುತ್ತ ತಾನೇ ಕಟ್ಟಿದ ಪದ ಹಾಡಿದಳು. ಕಾಲುವೆಯ ನೀರನ್ನು ಸೊಸೆ ಮಾಡಿದ್ದಳು. ಮೇಲಿನ ಊರುಗಳೆಂಬ ತವರಿನಲ್ಲೇ ಕುಳಿತಿರುವ ಸೊಸೆ, ಕೊನೆಯ ಊರಿನ ಅತ್ತೆ ಬಾಯಾರಿ ಬೈಯುತ್ತಾಳೆ. ಮುದುಕನ ಸಾವಕಾಶ, ರಿವಾಯತ್ತಿನ ಎಳೆತ, ಆ ಪಟ್ಟಣದ ಹುಡುಗಿಯ ಉಸಿರು, ಮೂರೂ ಅದರಲ್ಲಿ ಇದ್ದವು. ಬಾಗಿದ ಹೆಂಗಸರು ಸೊಂಟ ನೇರ ಮಾಡಿ ನಿಂತು ಕೇಳಿದರು. ಕೊನೆಯ ನುಡಿ ಹೀಗಿತ್ತು:

ಊರು ವಳಕಮದಿನ್ನಿ, ಕಾಲುವಿ ದಂಡಿ,
ಧಾಟಿ ಕಲಿಸಿದ ಅಣ್ಣ ನನ ಹಾಡಿನ ಬಂಡಿ,
ಕೂಲಿಯವ್ವನ ಮಗಳು ಕಟ್ಟೀನಿ ಪದವ,
ತಪ್ಪಿದ್ರ ತಿದ್ದಿಕೊಳ್ರಿ, ಕೂಡಿದ ಮಂದಿ.

ಆಗ ಲಿಂಗಸೂಗೂರಿನಲ್ಲಿ ಒಬ್ಬರು ಜನಪದ ಕ್ಯಾಸೆಟ್ ಮಾಡುತ್ತಿದ್ದರು. ಅಂಗಡಿಯ ಮೇಲೊಂದು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದರು. ಫ್ಯಾನು ಬಂದ್ ಮಾಡಿ ಹಾಡಿಸುತ್ತಿದ್ದರು, ಇಲ್ಲದಿದ್ದರೆ ಅದರ ಸದ್ದೂ ಹಾಡುತ್ತಿತ್ತು. ತಂಗಿಯನ್ನು ಕರೆದುಕೊಂಡು ಹೋದವನು ನಾನು. ನಾನು ಕಟ್ಟಿದ ಎರಡು ಪದಗಳೂ ಜೇಬಿನಲ್ಲಿದ್ದವು, ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಮೊದಲು ನಾನು ಹಾಡಿದೆ. ರೆಕಾರ್ಡಿಂಗಿನವರು ಒಂದೂವರೆ ನುಡಿ ಕೇಳಿ ಕೈ ಎತ್ತಿದರು.

"ತಮ್ಮಾ, ನೀ ಕೇಳಾಕ ಚಲೋ ಅದೀ. ಹಾಡಾಕ ಅಲ್ಲ."

ಆಮೇಲೆ ತಂಗಿ ಹಾಡಿದಳು. ಒಂದೇ ಸಲಕ್ಕೆ ಮುಗಿಯಿತು. ಬೆವರಿ ಹೋಗಿದ್ದ ಅವಳು ನೀರು ಕುಡಿಯಲು ಕೆಳಗೆ ಇಳಿದಳು. ಅವರು ಹಾಡನ್ನು ಮತ್ತೆ ಕೇಳಿಸಿದರು. 'ಅಣ್ಣ ನನ ಹಾಡಿನ ಬಂಡಿ' ಎಂಬಲ್ಲಿ ನನಗೆ ಉರಿಯಿತು. ಬಂಡಿ. ಎಳೆಯುವುದು, ಹೊರುವುದು. ಕುಳಿತು ಮೆರೆಯುವವಳು ಅವಳು.

"ಕೊನೀ ನುಡಿ ತೆಗೀರಿ," ಎಂದೆ.

"ಯಾಕಪಾ? ಆಕೀ ಗುರುತು ಅದರಾಗ ಐತಿ."

"ಮದುವಿಗೆ ನೋಡಾಕತ್ತೀವಿ. ಕ್ಯಾಸೆಟ್ಟಿನಾಗ ಹಾಡೂ ಹುಡುಗಿ ಅಂದ್ರ ಯಾರು ಮಾಡ್ಕೋತಾರ?"

ಅವರು ನನ್ನ ಮುಖ ನೋಡಿದರು. ಅಣ್ಣ ಹೇಳಿದ ಮೇಲೆ ಮುಗಿಯಿತು, ನಮ್ಮಲ್ಲಿ ಅದೇ ಕಾನೂನು. ಬಿ ಬದಿಯ ಕೊನೆಗೆ ಅವಳ ಹಾಡು ಹಾಕಿದರು. ಕ್ಯಾಸೆಟ್ ಬಂದ ದಿನ ತಂಗಿ ಟೇಪಿಗೆ ಕಿವಿ ಹಚ್ಚಿ ಕುಳಿತಳು. ನುಡಿ ಬರುವ ಹೊತ್ತಿಗೆ ಹಾಡು ಮೆಲ್ಲಗೆ ಇಳಿದು ನಿಂತಿತು.

"ಎಲ್ಲೋತಣ್ಣಾ?"

"ರೀಲು ಮುಗೀತು," ಎಂದೆ.

ಅವಳು ನಂಬಿದಳು. ರೀಲಿನ ವಿಷಯದಲ್ಲಿ ನನಗಿಂತ ತಿಳಿದವರು ಅವಳಿಗೆ ಯಾರೂ ಇರಲಿಲ್ಲ. ಮುಂದೆ ಮಸ್ಕಿಗೆ ಮದುವೆಯಾಗಿ ಹೋದಳು. ಇಪ್ಪತ್ತು ವರ್ಷ ಕಳೆದವು. ಆ ಕ್ಯಾಸೆಟ್ಟು ಯಾರದೋ ಕೈಯಿಂದ ಫೋನಿಗೆ ಏರಿತು, ಫೋನಿನಿಂದ ಡಿಜೆಯ ಕೈಗೆ ಹೋಯಿತು, ಟ್ರ್ಯಾಕ್ಟರಿಗೆ ಬಂತು.

ಈ ವರ್ಷ ಸಿಂಧನೂರಿನ ಒಂದು ಮದುವೆಗೆ ಮೈಕ್ ಹಾಕಿದ್ದೆ. ಊಟದ ಹೊತ್ತಿಗೆ ಮುದಗಲ್ ಕಡೆಯ ಮೇಳವೊಂದು ಹಾಡಲು ಕುಳಿತಿತ್ತು. ಮುಂದಾಳು ಮೂವತ್ತರ ಆಸುಪಾಸಿನವನು. ತಂಗಿಯ ಹಾಡನ್ನೇ ಎತ್ತಿದ. ಢಂ ಢಂ ಇಲ್ಲ, ಬರೀ ಕೈಯಲ್ಲಿ ಬಡಿಯುವ ದಮ್ಮಡಿ. ಚೆನ್ನಾಗಿ ಹಾಡಿದ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೆಟ್ಟದಾಗಿ ಹಾಡಿದ್ದರೆ ಮನಸ್ಸಿನಲ್ಲೇ ಬೈದು ಬಿಡುತ್ತಿದ್ದೆ. ಕೊನೆಗೆ ತನ್ನ ಊರು ಸೇರಿಸಿ, ತನ್ನ ಉಸ್ತಾದನನ್ನು ಸೇರಿಸಿ ನುಡಿ ಕಟ್ಟಿದ. ನಾನು ಅವನ ಮೈಕಿನ ದನಿಯ ಗುಬ್ಬಿಯನ್ನು ತಿರುಗಿಸಿ ಪೂರ್ತಿ ಇಳಿಸಿದೆ.

"ಏನಾತ್ರೀ ಮೈಕಿಗೆ?"

"ಮೈಕಿಗೆ ಏನೂ ಆಗಿಲ್ಲ. ಆ ಹಾಡು ನಿಂದಲ್ಲ."

"ಮತ್ಯಾರದು?"

"ನನ್ನ ತಂಗೀದು."

"ಹಂಗಾರ ಕೊನೀ ನುಡಿ ಎಲ್ಲೈತ್ರೀ? ಕ್ಯಾಸೆಟ್ಟಿನಾಗ ಇದ್ದಿದ್ದಿಲ್ಲಲ್ಲ. ಇದ್ದಿದ್ರ ನಾ ಯಾಕ ಕಟ್ಟತಿದ್ದೆ?"

ಪಂಕ್ತಿಯಲ್ಲಿದ್ದ ಒಬ್ಬ ಹಿರಿಯರು ಸಜ್ಜಕ ಕಲಸುತ್ತಲೇ ಹೇಳಿದರು: "ಮೂಗುದಾಣ ಇಲ್ಲದ ಎತ್ತು ಅದು, ತಮ್ಮಾ. ಯಾರು ಹಿಡಕೊಂಡ್ರ ಅವರದು."

"ಯಾಕಿಲ್ಲ ಕೊನೀ ನುಡಿ? ಅದರ ಹೇಳ್ರಿ," ಎಂದು ಅವನು ಮತ್ತೆ ಕೇಳಿದ.

ನುಡಿ ನನಗೆ ಬಾಯಿಪಾಠವಿತ್ತು. ಹೇಳಿದರೆ ಅದು ಕ್ಯಾಸೆಟ್ಟಿನಲ್ಲಿ ಯಾಕಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಮೈಕಿನವಗ ಇನ್ನೂ ಉಣ್ಣಾಕ ಹಾಕಿಲ್ಲೇನ್ರಿ? ಹಸಿದು ಸಿಟ್ಟಿಗೆದ್ದಾನ," ಎಂದರು ಯಾರೋ. ಮಂಟಪವೆಲ್ಲ ನಕ್ಕಿತು. ಗುಬ್ಬಿ ಏರಿಸಿದೆ.

ಮರುದಿನ ಬಸ್ ಹತ್ತಿ ಮಸ್ಕಿಗೆ ಹೋದೆ. ತಂಗಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಬಾಗಿಲಿನಿಂದಲೇ ಬಡಿತ ಕೇಳುತ್ತಿತ್ತು.

"ಏನಣ್ಣಾ, ದಾರಿ ತಪ್ಪಿ ಬಂದೀಯೇನು? ಬಾಡಿಗಿ ಇಲ್ಲೇನಿವತ್ತು?"

"ನಿನ್ನ ಹಾಡು ಹಾಡಾಕತ್ತಾರ."

"ಅದನ್ನ ಹೇಳಾಕ ಬಂದ್ಯಾ? ಟ್ರ್ಯಾಕ್ಟರಿನಾಗ ದಿನಾ ಹಾಡತೈತಿ. ಆ ಇಲೀ ದನಿ ನಂದಂದ್ರ ನನ್ನ ಮಗಳು ನಂಬವಲ್ಲಳು."

ಮದುವೆಯ ಮೇಳದ ಮಾತು, ನಾನು ತೆಗೆಸಿದ ನುಡಿಯ ಮಾತು ಎರಡನ್ನೂ ನಿಂತುಕೊಂಡೇ ಹೇಳಿದೆ. ಕುಳಿತರೆ ಹೇಳಲಾಗುವುದಿಲ್ಲ ಎನಿಸಿತು. ಬಡಿತ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಅವಳು ಅದನ್ನು ತಿರುವಲಿಲ್ಲ.

"ರೀಲು ಮುಗೀತಂದಿದ್ದೆಲ್ಲ."

"ಅಂದಿದ್ದೆ."

"ಇಷ್ಟು ವರ್ಷ ನಾ ಆ ರೀಲಿಗೆ ಬೈದೀನಿ. ಇನ್ನೊಂದೀಟು ಉದ್ದ ಇದ್ದಿದ್ರ ಅದರ ಗಂಟೇನು ಹೋಗತಿತ್ತು ಅಂತ."

"ನಿನ್ನ ಮದುವಿ ನಡದಿತ್ತು. ಅದಕ್ಕ."

"ಸುಳ್ಳ ಹೇಳಬ್ಯಾಡ. ಗದ್ಯಾಗ ನಾ ಹಾಡಿದ್ದು ಕೇಳಿದ ಮ್ಯಾಲೇ ನಮ್ಮನಿಯವರು ನನ್ನ ನೋಡಾಕ ಬಂದಿದ್ದು. ನಿನಗೂ ಗೊತ್ತೈತಿ ಅದು."

ಗೊತ್ತಿತ್ತು. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ನೆಪ ಒಲೆಯ ಮುಂದೆ ಬೂದಿಯಾಯಿತು.

"ಹೊಟ್ಟಿಕಿಚ್ಚು," ಎಂದೆ.

ಅವಳು ಕರಿ ರೊಟ್ಟಿಯನ್ನು ಎತ್ತಿ ಬದಿಗೆ ಎಸೆದಳು. "ಇಲ್ಲಿ, ಒಲಿ ಮುಂದ ಹೇಳಿದ್ರ ಏನು ಬಂತು? ನುಡಿ ನನಗ ನೆನಪೈತಿ, ಮಂದಿಗೆ ಗೊತ್ತಿಲ್ಲ. ಸಂತಿ ದಿನ ಇಲ್ಲಿ ಬಟ್ಟಿ ಅಂಗಡಿ ಸುರು ಮಾಡತಾರ, ಅದೇ ಮೇಳ ಬರತೈತಂತ. ಮೈಕು ನಿಂದೇ ಅಲ್ಲೇನು? ಅದರಾಗ ಹೇಳು."

ಸಂತೆಯ ದಿನ ಮಸ್ಕಿಯ ಆ ಬೀದಿ ತುಂಬಿತ್ತು. ಮೇಳದವನು ಆ ಹಾಡು ಎತ್ತುವ ಮೊದಲೇ ನಾನು ಅವನ ಮೈಕು ಕೇಳಿ ಇಸಿದುಕೊಂಡೆ. ಮಂದಿಯ ಮುಂದೆ ಮೈಕಿನಲ್ಲಿ 'ಹಲೋ, ಚೆಕ್' ಬಿಟ್ಟು ಬೇರೇನೂ ಹೇಳಿ ಗೊತ್ತಿಲ್ಲದವನು ನಾನು. ಇದು ನನ್ನ ತಂಗಿಯ ಹಾಡು, ಕೊನೆಯ ನುಡಿ ಇತ್ತು, ಹೊಟ್ಟೆಕಿಚ್ಚಿನಿಂದ ನಾನು ತೆಗೆಸಿದೆ, ರೀಲು ಮುಗಿಯಿತೆಂದು ಅವಳಿಗೆ ಸುಳ್ಳು ಹೇಳಿದೆ ಎಂದೆ. ಒಂದಿಬ್ಬರು ನಕ್ಕರು. ಒಬ್ಬ ಮುದುಕಿ, "ಥೂ ನಿನ್ನ," ಎಂದಳು. ಅದು ಮೈಕಿನಲ್ಲೂ ಕೇಳಿಸಿತು.

ತಂಗಿ ಹೆಂಗಸರ ನಡುವಿನಿಂದ ಎದ್ದು ಬಂದಳು. ಮೇಳದವನು ಜಾಗ ಬಿಟ್ಟು ತಾನೇ ದಮ್ಮಡಿ ಹಿಡಿದ. ಅವನ ಆ ಗುಣವನ್ನು ನಾನು ಮರೆಯುವುದಿಲ್ಲ. ನಾನು ಆಂಪ್ಲಿಫೈಯರಿನ ಹತ್ತಿರ ಹೋಗಿ ನಿಂತೆ. ಅವಳ ದನಿ ದಪ್ಪವಾಗಿತ್ತು, ಹೊಗೆ ಕುಡಿದ ದನಿ. ಉಸಿರು ಎಳೆಯುವ ಜಾಗ ಮಾತ್ರ ಒಂದು ಕೂದಲೂ ಸರಿದಿರಲಿಲ್ಲ. ನೀರು ಕೊನೆಯ ಊರಿಗೆ ಬಂತು, ಅತ್ತೆಯ ಬಾಯಿ ತಣ್ಣಗಾಯಿತು. ಕೊನೆಯ ನುಡಿಗೆ ಬಂದಳು.

ಊರು ಹೇಳಿದಳು. ಕೂಲಿಯವ್ವನ ಮಗಳು ಕಟ್ಟೀನಿ ಎಂದಳು. ತಿದ್ದಿಕೊಳ್ರಿ ಎಂದು ಮಂದಿಗೆ ಕೈ ಮುಗಿದಳು.

ಅಣ್ಣನ ಸಾಲು ಬಿಟ್ಟು, ನಾಲ್ಕು ಸಾಲಿನ ನುಡಿ ಮೂರೇ ಸಾಲಿಗೆ ಮುಗಿಯಿತು. ಅದು ಗೊತ್ತಾದದ್ದು ನನಗೆ ಮತ್ತು ಅವಳಿಗೆ. ಮೇಳದವನು ಕಟ್ಟುಪಾಡು ಬಲ್ಲವನು, ಮೈಕಿನತ್ತ ಬಾಗಿ ಕೇಳಿದ: "ಅಕ್ಕಾರ, ಉಸ್ತಾದ ಯಾರು, ಹೇಳಲೇ ಇಲ್ಲಲ್ರೀ?"

"ಯಾರೂ ಇಲ್ಲಪಾ. ಒಲಿ ಮುಂದ ಕುಂತು ಕೇಳಿ ಕಲತೀನಿ."

ನನಗೆ ಸಿಟ್ಟು ಬಂತು. ಲಿಂಗಸೂಗೂರಿನ ಆ ಕೋಣೆಯಲ್ಲಿ ಬಂದಂಥದ್ದೇ ಸಿಟ್ಟು, ಅದೇ ಜಾಗದಲ್ಲಿ ಅದೇ ಉರಿ. ಇಷ್ಟು ವರ್ಷದಲ್ಲಿ ಅದು ಒಂದಿಷ್ಟೂ ಮುದಿಯಾಗಿರಲಿಲ್ಲ. ಮಂದಿ ಇನ್ನೊಮ್ಮೆ ಎಂದು ಕೂಗಿದರು, ಅವಳು ಮತ್ತೆ ಮೊದಲಿನಿಂದ ಎತ್ತಿದಳು. ನನ್ನ ಕೈ ಅವಳ ಮೈಕಿನ ಗುಬ್ಬಿಯ ಮೇಲೆಯೇ ಇತ್ತು. ಇಳಿಸಲಿಲ್ಲ.